ನೊಂದ ಓದುಗ ಎಳೆದ ಒಂದು ಗೆರೆ

ಯಶವಂತಪುರದಲ್ಲಿ ನಮ್ಮ ಬೀದಿಯ ತುದಿಗೆ ಒಂದು ವಾಚನಾಲಯವಿತ್ತು. ಉದ್ದನೆಯ ಒಂದೇ ಕೋಣೆ, ಎರಡು ಬೆಂಚು, ಒಂದು ಮೇಜು. ಗೂಡ್ಸ್ ರೈಲು ಹೋದಾಗಲೆಲ್ಲ ಮೇಜಿನ ಮೇಲಿನ ಪತ್ರಿಕೆಗಳು ಸಣ್ಣಗೆ ನಡುಗುತ್ತಿದ್ದವು ಎಂದು ಬರೆಯಲು ಹೊರಟಿದ್ದೆ. ಆದರೆ ಹಳಿ ಅಷ್ಟು ಹತ್ತಿರ ಇರಲಿಲ್ಲ. ಫ್ಯಾನಿನ ಗಾಳಿಗೆ ನಡುಗಿರಬೇಕು. ಫ್ಯಾನ್ ಇತ್ತೆ? ಅದೂ ಗೊತ್ತಿಲ್ಲ. ಬಾಗಿಲ ಪಕ್ಕದ ಗೋಡೆಗೆ ಹುರಿಯಲ್ಲಿ ಕಟ್ಟಿ ತೂಗುಹಾಕಿದ ಒಂದು ಉದ್ದ ಪುಸ್ತಕವಿದ್ದದ್ದಂತೂ ನಿಜ. ಅದಕ್ಕೆ ಸಾಕ್ಷಿಯಿದೆ, ಅದರಲ್ಲಿ ನನ್ನ ಅಕ್ಷರವಿದೆ.

ಪುಸ್ತಕದ ಮೇಲೆ 'ಸಲಹೆ ಮತ್ತು ದೂರು' ಎಂದು ಬರೆದಿತ್ತು. ಯಾರು ಬೇಕಾದರೂ ಬರೆಯಬಹುದು, ಅದರ ಕೆಳಗೆ ಯಾರು ಬೇಕಾದರೂ ಉತ್ತರಿಸಬಹುದು. ನಿಜವಾದ ಹೆಸರು ಹಾಕಲೇಬೇಕೆಂದಿರಲಿಲ್ಲ. ಆದರೆ ಬರೆದದ್ದನ್ನು ಅಳಿಸುವುದಕ್ಕೆ ಮಾತ್ರ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ವಾಚನಾಲಯದ ಕಾರ್ಯದರ್ಶಿಗಳು ಕೋರ್ಟಿನ ನಕಲು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿಯ ಪದ್ಧತಿಯನ್ನು ಪಿಂಚಣಿಯ ಜೊತೆಗೆ ಇಲ್ಲಿಗೂ ತಂದಿದ್ದರು. ಹಾಳೆ ಹರಿಯಕೂಡದು, ಮಸಿ ಬಳಿಯಕೂಡದು. ಬರೆದವರೇ ಬಂದು ಒಂದೇ ಒಂದು ಗೆರೆ ಎಳೆಯಬೇಕು, ಗೆರೆಯ ಅಡಿಯ ಅಕ್ಷರ ಓದಲು ಬರಬೇಕು, ಪಕ್ಕದಲ್ಲಿ ಪೂರ್ತಿ ಹೆಸರು ಬರೆದು ತಾರೀಖು ಹಾಕಬೇಕು. ಅಂದರೆ ಸುಳ್ಳು ಹೆಸರಿನಲ್ಲಿ ಬರೆಯಬಹುದು, ಆದರೆ ಬರೆದದ್ದನ್ನು ಹೊಡೆದುಹಾಕಬೇಕಾದರೆ ನಿಜವಾದ ಹೆಸರು ಹೇಳಬೇಕು. ನನಗೆ ಆಗ ಇದರಲ್ಲಿ ಯಾವ ಅಪಾಯವೂ ಕಾಣಲಿಲ್ಲ. ನಾನು ಎಂ.ಎ. ಓದುತ್ತಿದ್ದೆ. ಬರೆದದ್ದನ್ನು ಹೊಡೆಯುವ ದಿನ ಬಂದೀತು ಎಂದು ಎಂ.ಎ. ಓದುವವರಿಗೆ ಅನ್ನಿಸುವುದಿಲ್ಲ.

ಮಧ್ಯಾಹ್ನ ನಾಲ್ಕರಿಂದ ಐದೂವರೆಯವರೆಗೆ ಮಹಿಳೆಯರ ವೇಳೆ. ಗಂಡಸರು ಬೆಳಗ್ಗೆ ಬಂದು ಹೋಗಿರುತ್ತಿದ್ದರು, ಮತ್ತೆ ಸಂಜೆ ಬರುತ್ತಿದ್ದರು. ನಾವು ನಾಲ್ಕೈದು ಜನ ಹೋಗುವ ಹೊತ್ತಿಗೆ ಪತ್ರಿಕೆಗಳು ಮೆತ್ತಗಾಗಿರುತ್ತಿದ್ದವು. ಅದಕ್ಕೆ ನನ್ನ ತಕರಾರಿರಲಿಲ್ಲ. ತಕರಾರಿದ್ದದ್ದು ಪದಬಂಧಕ್ಕೆ. ನಾನು ಹೋಗುವಷ್ಟರಲ್ಲಿ ಯಾರೋ ಮಹಾನುಭಾವರು ಅದನ್ನು ಪೂರ್ತಿ ತುಂಬಿಬಿಟ್ಟಿರುತ್ತಿದ್ದರು. ಅದೂ ಪೆನ್ಸಿಲಿನಲ್ಲಲ್ಲ, ಹಸಿರು ಮಸಿಯ ಪೆನ್ನಿನಲ್ಲಿ. ಅದೂ ತಪ್ಪು ತಪ್ಪಾಗಿ.

ಮೊದಲ ಸಲ ನಾನು ಮರ್ಯಾದೆಯಾಗಿಯೇ ಬರೆದೆ. 'ಪದಬಂಧವನ್ನು ಮಹಿಳೆಯರ ವೇಳೆಯವರೆಗೆ ಖಾಲಿ ಬಿಡಬೇಕಾಗಿ ವಿನಂತಿ. ಇಂತಿ ಓರ್ವ ಮಹಿಳೆ.' ಹದಿನೈದು ದಿನದ ಮೇಲೆ ಕಾರ್ಯದರ್ಶಿಗಳ ಉತ್ತರ ಬಂತು. 'ಮಹಿಳೆಯರ ಕೋರಿಕೆಯನ್ನು ಮನ್ನಿಸಿ ಅಡುಗೆ ಮತ್ತು ಹೊಲಿಗೆಗೆ ಸಂಬಂಧಿಸಿದ ಮಾಸಪತ್ರಿಕೆಯೊಂದನ್ನು ತರಿಸಲಾಗಿದೆ.' ತುಂಬಲೇಬೇಕಾದರೆ ಪೆನ್ಸಿಲಿನಲ್ಲಾದರೂ ತುಂಬಿ ಎಂದು ನಾನು ಪುಟ ತಿರುಗಿಸಿ ಹೊಸದಾಗಿ ಬರೆದೆ. ಈ ಸಲ ಕೆಳಗೆ 'ಒಬ್ಬ ನೊಂದ ಓದುಗ' ಎಂದು ಸಹಿ ಮಾಡಿದೆ. ಓದುಗ ಎನ್ನುವ ಒಂದು ಪದದಿಂದ ನಾನು ಗಂಡಸಾದೆ. ಉತ್ತರ ಮಾರನೆಯ ದಿನವೇ ಬಂದಿತ್ತು, ಅದೂ ಹಸಿರು ಮಸಿಯಲ್ಲಿ. 'ಪತ್ರಿಕೆ ಮೊದಲು ಬಂದವರ ಪಾಲು. ತಡವಾಗಿ ಏಳುವ ಯುವಕರು ನೋಯುವುದು ಸಹಜ. ಇಂತಿ ಹಳೆಯ ಸದಸ್ಯ.'

ಹೀಗೆ ಶುರುವಾಯಿತು. ಎರಡು ವರ್ಷ ನಡೆಯಿತು. ನನ್ನ ಲೆಕ್ಕದಲ್ಲಿ ಎರಡು ವರ್ಷ, ಡೈರಿಯ ಪ್ರಕಾರ ಹದಿನಾಲ್ಕು ತಿಂಗಳು.

ಹಳೆಯ ಸದಸ್ಯರ ತಪ್ಪುಗಳು ಸಾಮಾನ್ಯ ತಪ್ಪುಗಳಾಗಿರಲಿಲ್ಲ. ಅವರು ಒತ್ತಕ್ಷರಕ್ಕೆ ಬೇರೆಯದೇ ಚೌಕ ಕೊಡುತ್ತಿದ್ದರು. ಒಂದು ಸಲ 'ಕೆಸರಿನಲ್ಲಿ ಅರಳುವ ಹೂವು, ಮೂರು ಅಕ್ಷರ' ಎಂದು ಕೇಳಿತ್ತು. ಲೋಕವೆಲ್ಲ 'ಕಮಲ' ಎಂದು ಬರೆಯುವ ಕಡೆ ಅವರು 'ಪದ್ಮ' ಎಂದು ಬರೆದಿದ್ದರು. ಮೊದಲ ಚೌಕದಲ್ಲಿ ಪ, ಎರಡನೆಯದರಲ್ಲಿ ದ, ಮೂರನೆಯದರಲ್ಲಿ ಬರಿಯ ಮಕಾರದ ಒತ್ತು, ತಲೆಯ ಮೇಲೆ ಯಾರೂ ಇಲ್ಲದೆ ಒಂಟಿಯಾಗಿ ಕೂತಿತ್ತು. ಕಮಲದ ಕ ಹೋಗಿ ಪ ಬಂದದ್ದರಿಂದ ಮೇಲಿನಿಂದ ಕೆಳಕ್ಕೆ ಬರಬೇಕಾಗಿದ್ದ 'ಕನಸು' ಎನ್ನುವುದು 'ಪನಸು' ಆಗಿತ್ತು. ನಾನು ಇದನ್ನು ಅರ್ಧ ಪುಟ ಹಂಗಿಸಿ ಬರೆದೆ. ಅವರು ಜಗ್ಗಲಿಲ್ಲ. 'ಪನಸವೆಂದರೆ ಹಲಸು. ನಿದ್ದೆಯಲ್ಲಿ ಕಾಣುವುದು ಏನು ಎಂದು ಕೇಳಿದ್ದಾರೆ. ಹಸಿದು ಮಲಗಿದವನಿಗೆ ನಿದ್ದೆಯಲ್ಲಿ ಹಲಸಿನ ಹಣ್ಣು ಕಾಣುವುದಿಲ್ಲವೆ? ನೊಂದ ಓದುಗರು ಹೊಟ್ಟೆ ತುಂಬ ಉಂಡು ಮಲಗುವವರೆಂದು ತೋರುತ್ತದೆ.'

ಇದಕ್ಕೆ ಉತ್ತರವಾಗಿ ನಾನು ಆ ಸಾಲುಗಳನ್ನು ಬರೆದದ್ದು. ನೆನಪಿನಿಂದಲ್ಲ, ನೋಡಿಕೊಂಡೇ ಇಲ್ಲಿ ಇಳಿಸುತ್ತಿದ್ದೇನೆ. 'ಪಾಪದ ಒತ್ತಕ್ಷರಕ್ಕೆ ಬೇರೆ ಮನೆ ಮಾಡಿಕೊಡುವ ಈ ಹಿರಿಯರ ಮನೆಗೆ ಸೊಸೆಯಾಗಿ ಬರುವವಳ ಗತಿ ಏನೋ! ಎಂಟನೆಯ ದಿನಕ್ಕೇ ಅವಳೂ ಬೇರೆ ಮನೆ ಹುಡುಕುವುದು ಖಂಡಿತ.' ಅಂದು ನಾನು ಬಹಳ ಖುಷಿಯಾಗಿ ಮನೆಗೆ ಹೋದೆ ಎಂದು ಡೈರಿಯಲ್ಲಿದೆ.

ಎಂ.ಎ. ಮುಗಿಯಿತು. ಮನೆಯಲ್ಲಿ ಗಂಡು ಹುಡುಕತೊಡಗಿದರು. ಕಾರ್ಯದರ್ಶಿಗಳು ಒಂದು ದಿನ ನಮ್ಮ ಮನೆಗೆ ಬಂದು ಅಪ್ಪನ ಹತ್ತಿರ, "ಎರಡು ಬೀದಿ ಆಚೆ ಒಂದು ಸಂಬಂಧ ಇದೆ. ಹುಡುಗ ಕಾರ್ಖಾನೇಲಿ ಸೂಪರ್‌ವೈಸರ್ರು. ಅವರ ತಂದೆ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸೋ ಕಂಪೋಸಿಟರ್ ಆಗಿದ್ರು. ಓದೋ ಜನ ಕಣ್ರೀ, ನಿಮ್ಮ ಹುಡುಗಿಗೆ ಹೊಂದುತ್ತೆ" ಎಂದರು. ಅವರ ಮುಖದಲ್ಲಿ ಆಗ ಒಂದು ತುಂಟ ನಗೆ ಇತ್ತೆಂದು ನಾನು ಮುವ್ವತ್ತು ಸಲವಾದರೂ ಹೇಳಿದ್ದೇನೆ. ಆದರೆ ನಾನು ಆಗ ಒಳಗೆ ಅಡುಗೆಮನೆಯಲ್ಲಿದ್ದೆ. ನಗೆಯನ್ನು ನೋಡಿರುವುದು ಸಾಧ್ಯವಿಲ್ಲ.

ಮದುವೆಯಾಗಿ ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಅಂಗಡಿಯಿಂದ ಅವಲಕ್ಕಿ ಬಂತು. ಅತ್ತೆ ಪೊಟ್ಟಣ ಬಿಚ್ಚಿ ಅವಲಕ್ಕಿಯನ್ನು ಡಬ್ಬಿಗೆ ಸುರಿದರು. ಮಾವ ಆ ಕಾಗದವನ್ನು ತೆಗೆದುಕೊಂಡು, ಮೊಣಕಾಲಿನ ಮೇಲಿಟ್ಟು ಅಂಗೈಯಿಂದ ಸುಕ್ಕು ತೆಗೆದರು. ಅದರಲ್ಲೊಂದು ಪದಬಂಧವಿತ್ತು. ಜೇಬಿನಿಂದ ಪೆನ್ನು ಹೊರಬಂತು. ಹಸಿರು ಮಸಿ. ನಾನು ಕಾಫಿ ಲೋಟ ಹಿಡಿದು ನಿಂತವಳು ನಿಂತೇ ಇದ್ದೆ. ಎರಡನೆಯ ಸಾಲಿನಲ್ಲಿ ಅವರು ಒಂದು ಒತ್ತನ್ನು ಅದರ ಅಕ್ಷರದಿಂದ ಬಿಡಿಸಿ ಪಕ್ಕದ ಚೌಕದಲ್ಲಿ ಕೂರಿಸಿದರು.

ಅಂದಿನ ಡೈರಿಯಲ್ಲಿ ಇರುವುದು ಮೂರೇ ಪದ. 'ಅವಲಕ್ಕಿ. ಮಾವ. ಸರಿಹೋಯಿತು.'

ಮಾವ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ನನಗೆ ಮೊದಲ ತಿಂಗಳಲ್ಲೇ ವಾಚನಾಲಯದ ಸದಸ್ಯತ್ವ ಮಾಡಿಸಿಕೊಟ್ಟರು, ನಾನು ಆಗಲೇ ಸದಸ್ಯಳಾಗಿದ್ದರೂ. ಹೆಬ್ಬಾಳದ ಕಡೆಯ ಒಂದು ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಾಗ ಬಸ್ ಸ್ಟಾಪಿನವರೆಗೆ ಬಂದು ಬಿಟ್ಟರು. ಊಟಕ್ಕೆ ಕೂತಾಗ ಮಾತ್ರ, ತಿಂಗಳಿಗೊಮ್ಮೆಯಾದರೂ, ಅದೇ ಮಾತು ತೆಗೆಯುತ್ತಿದ್ದರು.

"ಒಬ್ಬ ಇದ್ದ ಕಣಮ್ಮ, ನೊಂದ ಓದುಗ ಅಂತ. ಯಾರೋ ಲೋಫರ್ ನನ್ಮಗ. ಕೊಬ್ಬು. ಆದ್ರೆ ಕೈ ಚೆನ್ನಾಗಿತ್ತು. ಒಂದು ಅಕ್ಷರ ತಪ್ಪಿಲ್ಲ. ಎಲ್ಲಿ ಹಾಳಾಗೋದ್ನೋ, ಬರೆಯೋದೇ ಬಿಟ್ಬಿಟ್ಟ."

"ಟ್ರಾನ್ಸ್‌ಫರ್ ಆಗಿರ್ಬೇಕು ಮಾವ."

"ಮದುವೆ ಆಗಿರ್ಬೇಕು. ಅದಕ್ಕೇ ಬಾಯಿ ಮುಚ್ಚಿರ್ತಾನೆ."

ನನ್ನವರಿಗೆ ಮಾತ್ರ ವಿಷಯ ಹೇಳಿದ್ದೆ. ಅವರು ಈ ಮಾತು ಬಂದಾಗಲೆಲ್ಲ ಎದ್ದು ನೀರು ಕುಡಿಯಲು ಒಳಗೆ ಹೋಗುತ್ತಿದ್ದರು. ಅತ್ತೆ, "ಇವನಿಗೆ ಯಾಕೆ ಇಷ್ಟು ಬಾಯಾರಿಕೆ?" ಎನ್ನುತ್ತಿದ್ದರು.

ಹೀಗೆ ಐದು ವರ್ಷ ಹೋಯಿತು. ವಾಚನಾಲಯಕ್ಕೆ ಬೆಳ್ಳಿ ಹಬ್ಬ ಬಂತು. ಸ್ಮರಣ ಸಂಚಿಕೆ ತರುವುದೆಂದು, ಅದರಲ್ಲಿ ಹಳೆಯ ಸಲಹೆ ಪುಸ್ತಕಗಳಿಂದ ಸ್ವಾರಸ್ಯವಾದವನ್ನು ಆರಿಸಿ ಹಾಕುವುದೆಂದು ತೀರ್ಮಾನವಾಯಿತು. ಆರಿಸುವ ಕೆಲಸ ಮಾವನದು. ಅವರ ಕಣ್ಣಿಗೆ ಪೊರೆ ಬಂದಿತ್ತು. ಅಕ್ಷರವನ್ನು ಮೂಗಿನ ಹತ್ತಿರ ಹಿಡಿದರೆ ಮಾತ್ರ ಕಾಣುತ್ತಿತ್ತು. "ಭಾನುವಾರ ಪುಸ್ತಕಗಳನ್ನ ಮನೆಗೆ ತರ್ತೀನಿ. ನೀನು ಓದು, ನಾನು ಹೇಳ್ತೀನಿ ಯಾವುದು ಬೇಕು ಅಂತ" ಎಂದರು.

ಅದೇ ಹೊತ್ತಿಗೆ ನಾನು, ನನ್ನವರು ಕಾಲೇಜಿಗೆ ಹತ್ತಿರದ ಆರ್.ಟಿ. ನಗರದಲ್ಲಿ ಒಂದು ಮನೆ ನೋಡಿದ್ದೆವು. ಎರಡು ಬಸ್ ಬದಲಾಯಿಸಿ ಕಾಲೇಜಿಗೆ ಹೋಗಿ ಬಂದು ನಾನು ಸುಸ್ತಾಗುತ್ತಿದ್ದೆ, ಆಮೇಲೆ ಮಗುವೂ ಬರುವುದರಲ್ಲಿತ್ತು. ಮಾವನಿಗೆ ಇನ್ನೂ ಹೇಳಿರಲಿಲ್ಲ. ಹೇಗೆ ಹೇಳುವುದೆಂದು ಒಂದು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಈಗ ಆ ಪುಸ್ತಕ ಮನೆಗೆ ಬಂದು, 'ಅವಳೂ ಬೇರೆ ಮನೆ ಹುಡುಕುವುದು ಖಂಡಿತ' ಎಂದು ನಾನೇ ನನ್ನ ಬಾಯಿಂದ ಅವರಿಗೆ ಓದಿ ಹೇಳಬೇಕು. ಒಂದಲ್ಲ ಒಂದು ದಿನ ಅಕ್ಷರ ಯಾರದೆಂದು ತಿಳಿಯುತ್ತದೆ. ಈ ಮನೆಯೊಳಗೆ ಕಾಲಿಡುವ ಮೊದಲೇ ಹೊರಗೆ ಹೋಗಲು ಲೆಕ್ಕ ಹಾಕಿದ್ದಳು ಎಂದು ಅವರು ಅಂದುಕೊಂಡರೆ, ನಾನು ಅಲ್ಲ ಎಂದು ಹೇಗೆ ಹೇಳಲಿ? ಕೈಬರಹವೇ ಹೌದು ಎನ್ನುತ್ತಿದೆಯಲ್ಲ.

ಶುಕ್ರವಾರ ಮಹಿಳೆಯರ ವೇಳೆಗೆ ಹೋದೆ. ಕಾರ್ಯದರ್ಶಿಗಳು ಬೀರುವಿನಿಂದ ಹಳೆಯ ಪುಸ್ತಕ ತೆಗೆದುಕೊಟ್ಟರು.

"ಸಾರ್, ಒಂದೆರಡು ಸಾಲು ಹೊಡೆದುಹಾಕ್ಬೇಕಿತ್ತು."

"ಯಾರು ಬರೆದದ್ದು?"

"ನಿಮಗೆ ಗೊತ್ತಲ್ವಾ ಸಾರ್. ನಿಮ್ಮ ಕಣ್ಣೆದುರಿಗೇ ಬರೀತಿದ್ದೆ."

"ನನಗೆ ಗೊತ್ತಿದ್ರೆ ಸಾಲ್ದು ಕಣಮ್ಮ, ಪುಸ್ತಕಕ್ಕೆ ಗೊತ್ತಿರ್ಬೇಕು. ಒಂದೇ ಗೆರೆ ಎಳಿ. ಓದೋಕೆ ಬರ್ಬೇಕು. ಪಕ್ಕದಲ್ಲಿ ಪೂರ್ತಿ ಹೆಸರು ಬರಿ, ತಾರೀಖು ಹಾಕು."

"ಓದೋಕೆ ಬಂದ್ರೆ ಹೊಡೆದು ಏನು ಪ್ರಯೋಜನ ಸಾರ್?"

"ಹೊಡೆದೆ ಅಂತ ಗೊತ್ತಾಗುತ್ತಲ್ಲ, ಅದೇ ಪ್ರಯೋಜನ."

ನಾನು ಬೆಂಚಿನ ಮೇಲೆ ಕೂತು ಪುಟ ತಿರುಗಿಸಿದೆ. ಹೊಡೆಯಲು ಬಂದವಳು ಓದಲು ಕೂತುಬಿಟ್ಟೆ. ಅಷ್ಟೇನೂ ಕೆಟ್ಟದಾಗಿ ಬರೆದಿರಲಾರೆ ಎಂಬ ನಂಬಿಕೆಯಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಒಂದು ವಾಕ್ಯವನ್ನು ಮತ್ತೆ ನೋಡಬೇಕಿತ್ತು. 'ಪೆನ್ಸಿಲಿನಲ್ಲಿ ಬರೆಯುವವನು ತಪ್ಪು ಮಾಡುವುದಕ್ಕೆ ಮೊದಲೇ ಕ್ಷಮೆ ಕೇಳುತ್ತಾನೆ.' ನನ್ನವರಿಗೆ ಇದನ್ನು ಎಷ್ಟೋ ಸಲ ಹೇಳಿದ್ದೆ. ಕಾಲೇಜಿನಲ್ಲಿ ಪ್ರಬಂಧದ ಪಾಠ ಮಾಡುವಾಗ ಹೇಳಿ ಹುಡುಗಿಯರಿಂದ ನಗು ಗಿಟ್ಟಿಸಿದ್ದೆ. ಪುಟದಲ್ಲಿ ಅದು ಇತ್ತು. ಹಸಿರು ಮಸಿಯಲ್ಲಿತ್ತು. ಪೆನ್ಸಿಲಿನಲ್ಲೇ ಬರೆಯಬೇಕೆಂದು ಹದಿನಾಲ್ಕು ತಿಂಗಳು ಜಗಳವಾಡಿದ ನಾನು, ಪೆನ್ಸಿಲನ್ನು ಹಂಗಿಸುವ ಮಾತನ್ನು ನಾನೇ ಬರೆದದ್ದೆಂದು ಐದು ವರ್ಷ ನಂಬಿದ್ದೆ! ಇನ್ನು, ಅವರು ನನ್ನನ್ನು 'ಅಕ್ಷರ ಬಲ್ಲ ಅವಿವೇಕಿ' ಎಂದು ಬೈದದ್ದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಇತ್ತಲ್ಲ, ಅದು ನನ್ನ ಅಕ್ಷರದಲ್ಲಿತ್ತು. ಬೈದವಳು ನಾನು, ನೊಂದುಕೊಂಡವಳೂ ನಾನು. ಸಹಿ ಒಂದು ಥರದಲ್ಲಿ ಸರಿಯಾಗಿಯೇ ಇತ್ತು.

ಕೊನೆಗೆ ಆ ಪುಟ ಬಂತು. ಸ್ಕೇಲಿಲ್ಲದೆ ಒಂದು ಗೆರೆ ಎಳೆದೆ. ಸೊಸೆ, ಗತಿ, ಎಂಟನೆಯ ದಿನ, ಬೇರೆ ಮನೆ, ಎಲ್ಲ ಗೆರೆಯ ಕೆಳಗಿಂದ ಮೊದಲಿಗಿಂತ ಚೆನ್ನಾಗಿ ಕಾಣತೊಡಗಿದವು. ಪಕ್ಕದಲ್ಲಿ ಪೆನ್ನು ಊರಿದೆ. ನನ್ನ ಹೆಸರಿನ ಜೊತೆಗೆ ಈಗ ಮಾವನ ಮನೆತನದ ಹೆಸರಿನ ಮೊದಲ ಅಕ್ಷರವೂ ಸೇರಿತ್ತು. ಕೈ ಮುಂದೆ ಹೋಗಲಿಲ್ಲ.

"ನೊಂದ ಓದುಗ ಅಂತಲೇ ಸಹಿ ಹಾಕ್ಲಾ ಸಾರ್?"

"ಅದು ಸಹಿ ಅಲ್ಲಮ್ಮ, ಅಳು."

ಅಷ್ಟರಲ್ಲಿ ಐದೂವರೆ ಆಯಿತು. ಗಂಡಸರು ಬರುವ ಹೊತ್ತು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಓಡಿಬಂದೆ.

ಭಾನುವಾರ ಬೆಳಗ್ಗೆ ಮಾವ ಮೂರು ಪುಸ್ತಕಗಳನ್ನು ಬಗಲಲ್ಲಿಟ್ಟುಕೊಂಡು ಬಂದರು. ನಡುಮನೆಯಲ್ಲಿ ಚಾಪೆ ಹಾಸಿ ಗೋಡೆಗೆ ಒರಗಿ ಕೂತರು. ಅತ್ತೆ ಹುರುಳಿಕಾಯಿ ಸೋಸುತ್ತ ಪಕ್ಕದಲ್ಲಿದ್ದರು. ನನ್ನವರು ನೀರಿನ ಹೂಜಿಯ ಹತ್ತಿರವೇ ಜಾಗ ಮಾಡಿಕೊಂಡರು. ಬೆಂಚು ಸಾಲದು, ಇಂಥಾ ಪತ್ರಿಕೆ ತರಿಸಿ ಎಂಬಂಥವನ್ನೆಲ್ಲ ಓದಿದೆ. "ಮುಂದೆ, ಮುಂದೆ" ಎಂದರು. ನೊಂದ ಓದುಗ ಬಂದ ಕೂಡಲೆ ನೆಟ್ಟಗೆ ಕೂತರು.

"ಹಾಂ, ನಿಧಾನ. ಸಪ್ಪೆ ಓದ್ಬೇಡ. ನೊಂದವನು ಅವನು. ನೋವಿರ್ಬೇಕು."

ನಾನು ನೋವಿನಿಂದಲೇ ಓದಿದೆ. ಮಾವ ತೊಡೆ ತಟ್ಟಿ ನಗುತ್ತಿದ್ದರು. ತಮಗೆ ಬಿದ್ದ ಏಟಿಗೇ ನಗುತ್ತಿದ್ದರು. ಪನಸಿನ ಪುಟ ದಾಟಿತು. ಮುಂದಿನದು ಗೆರೆ ಎಳೆದ ಸಾಲು. ಅದನ್ನು ಬಿಟ್ಟು ಅದರ ಕೆಳಗಿದ್ದ ಅವರ ಉತ್ತರಕ್ಕೆ ಹಾರಿದೆ. "ನನಗೆ ಹೆಣ್ಣು ಮಕ್ಕಳಿಲ್ಲದ್ದು ನನ್ನ ಪುಣ್ಯ. ಇದ್ದಿದ್ದರೆ ನೊಂದ ಓದುಗರಂಥವರು ಅಳಿಯನಾಗಿ ಗಂಟುಬೀಳುವ ಅಪಾಯವಿತ್ತು."

ಮಾವನ ನಗು ನಿಂತಿತು.

"ಮಧ್ಯ ಒಂದು ಬಿಟ್ಟೆ."

"ಇಲ್ಲ ಮಾವ."

"ಬಿಟ್ಟೆ. ಅಳಿಯನ ಮಾತು ನಾನು ಸುಮ್ಸುಮ್ನೆ ಯಾಕೆ ಎತ್ತಲಿ? ಅವನು ಸೊಸೆ ಮಾತು ಎತ್ತಿದ್ದ." ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು. "ಪಾಪದ ಒತ್ತಕ್ಷರಕ್ಕೆ ಬೇರೆ ಮನೆ ಮಾಡಿಕೊಡುವ ಈ ಹಿರಿಯರ ಮನೆಗೆ ಸೊಸೆಯಾಗಿ ಬರುವವಳ ಗತಿ ಏನೋ! ಮೂರನೆಯ ದಿನಕ್ಕೇ ಅವಳೂ ಬೇರೆ ಮನೆ ಹುಡುಕುವುದು ಖಂಡಿತ."

ಎಂಟನೆಯ ದಿನ ಎಂದಿತ್ತು, ಮೂರನೆಯದಲ್ಲ. ನಾನು ಬರೆದದ್ದಕ್ಕಿಂತ ಅವರ ನೆನಪಿನಲ್ಲಿ ಏಟು ಜೋರಾಗಿತ್ತು. ಮಾವ ಪುಸ್ತಕವನ್ನು ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದರು.

"ಅಯ್ಯೋ! ಯಾವನೋ ಹೊಡೆದಿದಾನೆ! ಸಹಿ ಎಲ್ಲಿ? ಸಹಿ ಇಲ್ಲ, ತಾರೀಖಿಲ್ಲ! ಹೊಸ ಮಸಿ ಇದು. ಯಾವನು ಅವನು? ನಾಳೇನೇ ಹೋಗಿ ಕೇಳ್ತೀನಿ. ನನ್ನ ಉತ್ತರ ಈಗ ಯಾರಿಗೆ ಕೊಟ್ಟಿದ್ದು ಅಂತಾಗುತ್ತೆ? ಓದ್ದೋರು ಏನಂದ್ಕೊತಾರೆ, ಮುದುಕನಿಗೆ ತಲೆ ಕೆಟ್ಟಿತ್ತು, ಒಬ್ಬನೇ ಕೂತ್ಕೊಂಡು ಅಳಿಯ ಅಳಿಯ ಅಂತಿದ್ದ ಅಂತ!"

"ನಾನೇ ಹೊಡೆದದ್ದು ಮಾವ."

"ನೀನು ಯಾಕಮ್ಮ ಹೊಡೆದೆ? ಬರೆದೋರು ಮಾತ್ರ ಹೊಡಿಬೇಕು ಅಂತ ರೂಲಿದೆ."

"ಬರೆದೋರೇ ಹೊಡೆದಿರೋದು."

ನನ್ನವರು ನೀರು ಕುಡಿಯುವುದನ್ನು ನಿಲ್ಲಿಸಿದರು. ಅತ್ತೆಯ ಕೈಯಲ್ಲಿ ಹುರುಳಿಕಾಯಿ ಅರ್ಧ ಮುರಿದು ನಿಂತಿತು. ಮಾವ ಪುಸ್ತಕ ಇಳಿಸಿ, ಪೊರೆ ಬಂದ ಕಣ್ಣಲ್ಲಿ ನನ್ನ ಕಡೆ ನೋಡಿದರು.

"ನೀನು ಅವನಾ?" ಎಂದರು.

"ಹೂಂ."

"ಐದು ವರ್ಷದಿಂದ ನನಗೆ ಅನ್ನ ಬಡಿಸ್ತಾ ಇರೋದು ನೊಂದ ಓದುಗನಾ?"

ಅತ್ತೆ ಮೊದಲು ನಕ್ಕರು. ಆ ಮನೆಯಲ್ಲಿ ಅವರು ಅಷ್ಟು ಜೋರಾಗಿ ನಕ್ಕದ್ದು ನಾನು ಅದೇ ಮೊದಲು ಕೇಳಿದ್ದು. ಮಾವ ನಗಲಿಲ್ಲ. ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು, ಆದರೆ ನಾನು ಹೆದರಿದ್ದ ಕಾರಣಕ್ಕಲ್ಲ. "ಮನೇಲೇ ಇದ್ಕೊಂಡು ಐದು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲ! ನಾನು ಅಲ್ಲಿ ಆ ಪುಸ್ತಕದಲ್ಲಿ ಒಬ್ಬನೇ ಬರ್ಕೊಂಡು ಬರ್ಕೊಂಡು ಸಾಯ್ತಿದ್ದೆ. ಉತ್ತರ ಕೊಡೋರು ಒಬ್ಬರಿರ್ಲಿಲ್ಲ."

ಈಗಲೇ ಹೇಳದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಎಂದು ಆರ್.ಟಿ. ನಗರದ ಮನೆಯ ವಿಷಯವನ್ನೂ ಹೇಳಿಬಿಟ್ಟೆ. ಅದು ಈಗ ಯೋಚಿಸಿದ್ದು, ಆಗ ಬರೆಯುವಾಗ ಅಂಥದ್ದೇನೂ ಮನಸ್ಸಿನಲ್ಲಿರಲಿಲ್ಲ ಎಂದೂ ಹೇಳಿದೆ.

ಮಾವ ಪುಸ್ತಕದ ಮೇಲೆ ಬೆರಳಾಡಿಸಿದರು. "ಪ್ರೆಸ್ಸಲ್ಲಿ ಒತ್ತಿಗೆ ಬೇರೆ ಮೊಳೆ ಕಣಮ್ಮ. ಸೀಸದ್ದು. ಕೇಸಲ್ಲಿ, ಅಂದ್ರೆ ಮೊಳೆ ಇಡೋ ಖಾನೆ ಪೆಟ್ಟಿಗೇಲಿ, ಅದಕ್ಕೆ ಬೇರೆ ಮನೆ. ದ ಒಂದು ಮನೆಯಿಂದ ಎತ್ಬೇಕು, ಮ ಒತ್ತು ಇನ್ನೊಂದು ಮನೆಯಿಂದ. ಎಷ್ಟು ವರ್ಷ ಎತ್ತಿದೀನಿ. ಪದಬಂಧ ನೋಡಿದ್ರೂ ಕೈ ಹಂಗೇ ಹೋಗುತ್ತೆ. ನೀನು ಅದನ್ನ ತಪ್ಪು ಅಂತೀಯ" ಎಂದರು. ಆಮೇಲೆ, "ಬೇರೆ ಮನೇಲಿ ಇರೋದ್ರಿಂದ ಅದೇನು ಬೇರೆ ಅಕ್ಷರ ಆಗಲ್ಲ. ಜೋಡಿಸುವಾಗ ಪಕ್ಕಕ್ಕೇ ಬರ್ಬೇಕು" ಎಂದರು.

ಅಥವಾ ಈ ಕೊನೆಯ ಮಾತನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಪೆನ್ಸಿಲಿನ ವಾಕ್ಯ ಆದ ಮೇಲೆ ನನ್ನ ಮೇಲೆ ನನಗೆ ಆ ನಂಬಿಕೆಯಿಲ್ಲ. ಆ ದಿನದ ಡೈರಿಯಲ್ಲಿರುವುದು ಇಷ್ಟೇ: 'ಮಾವನಿಗೆ ಎಲ್ಲ ಹೇಳಿದೆ. ಮನೆಗೆ ಒಪ್ಪಿದರು. ಹುಳಿಗೆ ಉಪ್ಪು ಕಡಿಮೆ ಎಂದರು.'

ಆಮೇಲಿನದಕ್ಕೆ ಮಾತ್ರ ಪುಸ್ತಕವೇ ಸಾಕ್ಷಿ. ಮಾವ ಹಸಿರು ಪೆನ್ನು ತೆಗೆದು ನನ್ನ ಗೆರೆಯಿದ್ದ ಸಾಲುಗಳ ಕೆಳಗೆ ಉದ್ದಕ್ಕೂ ಚುಕ್ಕಿಗಳನ್ನಿಟ್ಟು ಪಕ್ಕದಲ್ಲಿ 'ಇರಲಿ' ಎಂದು ಬರೆದರು. ಪ್ರೂಫಿನಲ್ಲಿ ತಪ್ಪಾಗಿ ಹೊಡೆದದ್ದನ್ನು ಉಳಿಸಿಕೊಳ್ಳಲು ಪ್ರೆಸ್ಸಿನವರು ಮಾಡುವ ಗುರುತಂತೆ ಅದು. ಸೋಮವಾರ ಕಾರ್ಯದರ್ಶಿಗಳು ಅದನ್ನು ನೋಡಿ ಕೂಗಾಡಿದರಂತೆ. "ಬರೆದೋರು ಒಬ್ರು, ಹೊಡೆದೋರ ಸಹಿ ಇಲ್ಲ, ಚುಕ್ಕಿ ಇಟ್ಟೋರು ಇನ್ನೊಬ್ರು! ಇದು ಪುಸ್ತಕವೋ ರಂಗೋಲಿಯೋ?" ಸಂಜೆ ಮಾವ ನನ್ನನ್ನು ಕರೆದುಕೊಂಡು ಹೋದರು. ಮಹಿಳೆಯರ ವೇಳೆ ಮುಗಿದಿತ್ತು. ಗಂಡಸರೆಲ್ಲ ಪತ್ರಿಕೆ ಇಳಿಸಿ ನೋಡುತ್ತಿದ್ದಂತೆ ನಾನು ಆ ಗೆರೆಯ ಪಕ್ಕದಲ್ಲಿ ಪೂರ್ತಿ ಹೆಸರು ಬರೆದು ತಾರೀಖು ಹಾಕಿದೆ.

ಮಾವ ಅದನ್ನು ಮೂಗಿಗೆ ಹತ್ತಿರ ಹಿಡಿದು ಓದಿದರು. "ಹೆಸರು ಸರಿ. ಮೇಲೆ ಓದುಗ ಅಂತಿದೆಯಲ್ಲ, ಅದು ತಪ್ಪಾಯ್ತು ಈಗ. ಓದುಗಿತ್ತಿ ಅಂತ ತಿದ್ದು."

"ಓದುಗಿತ್ತಿ ಅನ್ನೋ ಪದ ಚೆನ್ನಾಗಿಲ್ಲ ಮಾವ. ಓದುಗಳು ಅಂತ ಆಗ್ಬೇಕು."

"ಓದುಗಳು ಅಂದ್ರೆ ಬಹುವಚನ ಆಗೋಗುತ್ತೆ, ಹಸುಗಳು, ಮರಗಳು ಅಂದ್ಹಾಗೆ. ಎಂ.ಎ. ಮಾಡಿದೀಯ, ಇಷ್ಟು ಗೊತ್ತಾಗಲ್ವಾ?"

"ಇಲ್ಲಿ ಮಾತಾಡ್ಬೇಡಿ" ಎಂದರು ಕಾರ್ಯದರ್ಶಿಗಳು. "ಇದು ವಾಚನಾಲಯ. ಏನಿದ್ರೂ ಬರೆದು ಹೇಳಿ." ಅಂದವರೇ ಗೋಡೆಯ ಮೇಲಿದ್ದ ಹೊಸ ಪುಸ್ತಕವನ್ನು ಹುರಿಯ ಸಮೇತ ನಮ್ಮ ಮುಂದಕ್ಕೆ ಎಳೆದರು.

ಅದರಲ್ಲಿ ಒಂಬತ್ತು ಪುಟ ಇದೇ ಇದೆ. ಆರ್.ಟಿ. ನಗರಕ್ಕೆ ಹೋದ ಮೇಲೂ ವಾರಕ್ಕೊಮ್ಮೆ ಬಂದು ಬರೆಯುತ್ತಿದ್ದೆ. ನಾನು ಪೆನ್ಸಿಲಿನಲ್ಲಿ, ಅವರು ಹಸಿರು ಮಸಿಯಲ್ಲಿ. ತೀರ್ಮಾನವಾಗಲಿಲ್ಲ. ಹಳೆಯ ಪುಟದಲ್ಲಿ ಇವತ್ತಿಗೂ 'ಓದುಗ' ಎಂದೇ ಇದೆ.